ಕಾಲು ನೆಲ ಬಿಡುವ ತನಕ



ಪಾಂಡವಪುರದ ಕುಂತಿಬೆಟ್ಟವನ್ನೋ ಶ್ರೀರಂಗಪಟ್ಟಣದ ಕರಿಘಟ್ಟವನ್ನೋ ಹತ್ತಿದವರು ಹದ್ದು ಹಾರುವುದನ್ನು ನೋಡಿರುತ್ತೀರಿ. ಬಿಸಿಲೇರಿದ ಮೇಲೆ ಅದು ರೆಕ್ಕೆ ಬಡಿಯದೆ ಸುತ್ತುತ್ತಾ ಮೇಲೇರುತ್ತದೆ. ಕಾದ ನೆಲದಿಂದ ಏಳುವ ಬಿಸಿಗಾಳಿಯೇ ಅದನ್ನು ಎತ್ತುತ್ತದೆ. ಅದೇ ಗಾಳಿಯನ್ನು ನಂಬಿ, ಎಂಜಿನ್ ಇಲ್ಲದ ಬಟ್ಟೆಯ ರೆಕ್ಕೆಯಲ್ಲಿ ಮನುಷ್ಯರೂ ಹಾರುತ್ತಾರೆ. ಇದೇ ಪ್ಯಾರಾಗ್ಲೈಡಿಂಗ್. ಹಿಮಾಚಲ ಪ್ರದೇಶದ ಬೀರ್-ಬಿಲ್ಲಿಂಗ್ ಇದಕ್ಕೆ ಹೆಸರಾದ ಸ್ಥಳ. 2015ರಲ್ಲಿ ಅಲ್ಲಿ ವಿಶ್ವಕಪ್ ಸ್ಪರ್ಧೆಯೂ ನಡೆಯಿತು. ಸುಮಾರು 2,400 ಮೀಟರ್ ಎತ್ತರದ ಬಿಲ್ಲಿಂಗ್‌ನಿಂದ ಹೊರಟು ಕೆಳಗಿನ ಬೀರ್‌ನಲ್ಲಿ ಇಳಿಯುತ್ತಾರೆ. ಕೆ.ಆರ್. ಪೇಟೆ, ನಾಗಮಂಗಲದ ಹಳ್ಳಿಗಳಿಂದ ಬೆಂಗಳೂರಿಗೆ ಹೋಗಿ ದುಡಿಯುವ ಮಕ್ಕಳೂ ಅಲ್ಲಿಗೆ ಹೊರಡುವ ಕಾಲವಿದು. ಊರಿನಲ್ಲಿ ತಾಯಿ ಜಪಮಾಲೆ ಹಿಡಿದು ಕೂರುತ್ತಾಳೆ.

ಮೊದಲ ಸಲ ಹಾರುವವನು ಒಬ್ಬನೇ ಹಾರುವುದಿಲ್ಲ. ಹೊಸಬ ಮುಂದೆ, ಪೈಲಟ್ ಹಿಂದೆ. ಇಬ್ಬರ ಬೆಲ್ಟುಗಳಿಗೂ ಒಂದೇ ರೆಕ್ಕೆಯ ಕೊಂಡಿ. ಹೊಸಬನ ಕಣ್ಣಿಗೆ ಬೀಳುವುದು ಕಣಿವೆ ಮಾತ್ರ. ಪೈಲಟ್‌ನ ಮುಖ ಕಾಣದು, ಧ್ವನಿ ಕೇಳುತ್ತದೆ. ನಮ್ಮ ವಿಶ್ವಾಸದ ಬದುಕೂ ಹೀಗೆಯೇ ಅಲ್ಲವೇ? ಆಸ್ಪತ್ರೆಯ ಚೀಟಿ, ಸಾಲದ ನೋಟಿಸು, ಮಗಳ ಮದುವೆಯ ಖರ್ಚು ಕಣ್ಣಮುಂದೆ ಕಾಣುತ್ತವೆ, ದೇವರು ಕಾಣುವುದಿಲ್ಲ. ದಾರಿ ತೋರುವ ಧ್ವನಿ ಬೆನ್ನ ಹಿಂದಿನಿಂದ ಕೇಳಿಬರುವುದೆಂದು ಪ್ರವಾದಿ ಯೆಶಾಯ (30:21) ತಿಳಿಸುತ್ತಾನೆ. ಆ ಧ್ವನಿ ದಡದಲ್ಲಿ ನಿಂತು ಬುದ್ಧಿ ಹೇಳುವವನದಲ್ಲ. ನಮ್ಮ ಮನುಷ್ಯತ್ವವನ್ನೇ ಧರಿಸಿ, ನಮ್ಮ ಜೊತೆಗೇ ಕೊಂಡಿ ಹಾಕಿಕೊಂಡ ಇಮ್ಮಾನುವೇಲನದು.

ಹೊಸಬನಿಗಿರುವ ಮುಖ್ಯ ಕೆಲಸ ಒಂದೇ: ಇಳಿಜಾರಿನಲ್ಲಿ ಓಡುವುದು. ಕಾಲು ನೆಲ ಬಿಡುವ ತನಕ ಓಡಬೇಕು. ಹೆದರಿ ನಡುವೆ ನಿಂತರೆ, ಇಲ್ಲವೇ ಹಾರಿದೆನೆಂದು ಬೇಗನೆ ಕೂತರೆ, ರೆಕ್ಕೆ ಭಾರ ಹೊರುವ ಮೊದಲೇ ಇಬ್ಬರೂ ಉರುಳಬಹುದು. ಎತ್ತುವುದು ಗಾಳಿಯೇ, ಆದರೂ ಓಡಬೇಕಾದವರು ನಾವು. ದೇವರ ವರಪ್ರಸಾದ ಮನುಷ್ಯನ ಪ್ರಯತ್ನವನ್ನು ತಳ್ಳಿಹಾಕುವುದಿಲ್ಲವೆಂದು ಧರ್ಮಸಭೆ ಕಲಿಸುವುದೂ ಇದನ್ನೇ. ಕುಡಿತ ಬಿಡುತ್ತೇನೆಂದು ಬಲಿಪೀಠದ ಮುಂದೆ ಮಾತು ಕೊಟ್ಟವನು ಕಬ್ಬಿನ ಹಣ ಕೈಗೆ ಬಂದ ಸಂಜೆ ಕೂತುಬಿಡುತ್ತಾನೆ. ಅಣ್ಣನೊಡನೆ ರಾಜಿಯಾದ ತಮ್ಮ ಗದ್ದೆಯ ಬದುವಿನ ಮೇಲಿನ ಒಂದು ಮಾತಿಗೆ ನಿಂತುಬಿಡುತ್ತಾನೆ. ಆಮೇಲೆ ಪ್ರಾರ್ಥನೆ ಫಲಿಸಲಿಲ್ಲ ಎನ್ನುತ್ತೇವೆ.

ಹಾಗೆಂದು ಕಣ್ಣುಮುಚ್ಚಿ ಧುಮುಕುವುದು ವಿಶ್ವಾಸವಲ್ಲ. ದೇವಾಲಯದ ತುದಿಯಿಂದ ಧುಮುಕೆಂದು ಸೈತಾನನು ಪವಿತ್ರ ಗ್ರಂಥವನ್ನೇ ಮುಂದಿಟ್ಟಾಗ ಯೇಸುಸ್ವಾಮಿ ಒಪ್ಪಲಿಲ್ಲ (ಮತ್ತಾಯ 4:5-7). ಬೀರ್-ಬಿಲ್ಲಿಂಗ್‌ನಲ್ಲಿಯೂ ಮಳೆಗಾಲದ ಎರಡು ತಿಂಗಳು, ಜುಲೈ 15ರಿಂದ ಸೆಪ್ಟೆಂಬರ್ 15ರವರೆಗೆ, ಹಾರಾಟಕ್ಕೆ ನಿಷೇಧವಿದೆ. ಪರವಾನಗಿ ಇರುವ ಪೈಲಟ್‌ನನ್ನೇ ಆರಿಸಿ, ಹೆಲ್ಮೆಟ್, ಕೊಂಡಿ, ತುರ್ತು ಪ್ಯಾರಾಚೂಟ್ ಇವೆಯೇ ಎಂದು ಕೇಳಿ ತಿಳಿಯುವುದು ಅವಿಶ್ವಾಸವಲ್ಲ, ವಿವೇಕ. ಗಾಳಿ ಸರಿಯಿಲ್ಲದಾಗ, ಹಣ ಕೊಟ್ಟವರು ಎಷ್ಟೇ ಒತ್ತಾಯಿಸಿದರೂ "ಇವತ್ತು ಬೇಡ" ಎನ್ನುವವನೇ ಒಳ್ಳೆಯ ಪೈಲಟ್. ನಮ್ಮ ಬೇಡಿಕೆಗೆ ದೇವರು ಹೇಳುವ "ಬೇಡ"ದಲ್ಲೂ ಇಂಥ ಪ್ರೀತಿ ಇರಬಹುದೆಂದು ಎಂದಾದರೂ ಯೋಚಿಸಿದ್ದೀರಾ?

ಈ ವಾರ ರಾತ್ರಿಯ ಕುಟುಂಬ ಪ್ರಾರ್ಥನೆಯ ನಂತರ ಎಲ್ಲರೂ ಒಂದು ಪ್ರಶ್ನೆ ಕೇಳಿಕೊಳ್ಳಿ: ನಾವು ಎಲ್ಲಿ ಅರ್ಧಕ್ಕೇ ಕೂತಿದ್ದೇವೆ? ತಪ್ಪು ಯಾರದೆಂದು ಹುಡುಕಬೇಡಿ. ಅಲ್ಲಿಂದಲೇ ಎದ್ದು, ಒಬ್ಬರನ್ನೊಬ್ಬರು ಹಿಡಿದು ಇನ್ನು ನಾಲ್ಕು ಹೆಜ್ಜೆ ಓಡಿ. ಎತ್ತುವ ಕೆಲಸ ಪವಿತ್ರಾತ್ಮರದು.