ದೋಣಿಯ ಅಂತರಂಗ



ಮಾಕಳಿದುರ್ಗದ ಬೆಟ್ಟದ ಬುಡದಲ್ಲಿರುವ ನಮಗೆ ಹೊಳೆಯೂ ದೂರ, ದೋಣಿಯೂ ದೂರ. ಆದರೂ ಉಡುಪಿಯ ಸುವರ್ಣಾ ನದಿಯಲ್ಲಿ ಪ್ರವಾಸಿಗರಿಗಾಗಿ ನಡೆಸಲು ಹಳೆಯ ಫೈಬರ್‌ಗ್ಲಾಸ್ ದೋಣಿಮನೆಯೊಂದನ್ನು ಕೊಳ್ಳಹೊರಟ ಇಲ್ಲಿಯ ಭಕ್ತರೊಬ್ಬರು, “ಗಾಜಿನ ನಾರು ಕೊಳೆಯುವುದುಂಟೆ?” ಎಂದು ಕೇಳಿರುವರು. ನಾರು ಕೊಳೆಯದು, ಅದರ ಪದರಗಳ ನಡುವೆ ಹುದುಗಿಸಿದ ಮರ ಕೊಳೆಯುವುದು. ಸಡಿಲಗೊಂಡ ತಿರುಪುಮೊಳೆಯ ರಂಧ್ರದಿಂದ ಇಳಿದ ನೀರು ಹೊರಬರಲಾರದೆ ಅಲ್ಲಿಯೇ ನಿಲ್ಲುತ್ತದೆ. ಬೂಷ್ಟು ಹಿಡಿದು ಮರ ಸವೆಯುತ್ತದೆ. ಮೇಲೆ ಬಣ್ಣ ಮಾತ್ರ ಥಳಥಳಿಸುತ್ತಿರುತ್ತದೆ.

ವಿಭೂತಿ ಧರಿಸಿದ ಮಾತ್ರಕ್ಕೆ ಅಂತರಂಗ ಶುದ್ಧವಾಯಿತೆಂದು ಶರಣರು ಒಪ್ಪಲಿಲ್ಲ. ದೋಣಿ ನಡೆಸುವ ಕಾಯಕದ ಅಂಬಿಗರ ಚೌಡಯ್ಯನವರಂತೂ ಡಾಂಭಿಕರನ್ನು ಬಡಿದೇ ನೋಡಿದವರು. ದೋಣಿಯನ್ನೂ ಹಾಗೆಯೇ ನೋಡಬೇಕು. ಸಣ್ಣ ಸುತ್ತಿಗೆಯಿಂದ ಗೇಣುಗೇಣಿಗೆ ತಟ್ಟಿದರೆ ಗಟ್ಟಿಯಾದ ಕಡೆ ಖಣಿಲೆನ್ನುವುದು. ಕೊಳೆತ ಕಡೆ ಸದ್ದು ಮಂಕಾಗುವುದು. ಕಾಲಿಟ್ಟಲ್ಲಿ ನೆಲ ಕುಗ್ಗಿದರೆ ಸಂಶಯಪಡಿರಿ. ಒಂದೆರಡು ತಿರುಪುಮೊಳೆ ಬಿಚ್ಚಿಸಿರಿ: ಕಂದು ಹುಡಿ, ಒದ್ದೆ ವಾಸನೆ ಬಂದರೆ ಬೇರೆ ಸಾಕ್ಷಿ ಬೇಡ. ಬಿಚ್ಚಲು ಒಪ್ಪದ ಮಾರಾಟಗಾರನ ಮೌನವೂ ಒಂದು ಉತ್ತರವೇ.

ಅದರಲ್ಲಿ ಕುಳಿತುಕೊಳ್ಳುವವರು ಅನ್ಯರ ಮಕ್ಕಳು. ಆದುದರಿಂದ ಮುಂಗಡ ಕೊಡುವ ಮುನ್ನ ದೋಣಿಯನ್ನು ದಡಕ್ಕೆಳೆಸಿ ತಳವನ್ನೂ ತಟ್ಟಿ ನೋಡತಕ್ಕದ್ದು.