ತಿದ್ದುವ ಕೈ, ಅಳಿಸುವ ಕೈ

ಮನೆಯ ಹಳೆಯ ಫೋಟೊಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ಕಲಾಕೃತಿ ಮಾಡಹೊರಟ ವಿದ್ಯಾರ್ಥಿಗಳಾದ ನಮಗೆ ಎದುರಾದ ಪ್ರಶ್ನೆ ನೋಡಲು ಸಣ್ಣದು: ಪಾಂಡವಪುರದ ಆಲೆಮನೆಯಲ್ಲಿ ಕೊಪ್ಪರಿಗೆಯ ಮುಂದೆ ನಿಂತ ಅಜ್ಜನ ಕೈಯ ಮಸಿಯನ್ನು ಅಳಿಸಬಹುದೇ? ಅಳಿಸಿದರೆ ಚಿತ್ರ ಅಂದವಾಗುತ್ತದೆ, ನಿಜ. ಆದರೆ ನಮ್ಮ ಶಾಲೆಯ ಫೀಸು ಬಂದದ್ದು ಆ ಮಸಿಯಿಂದಲೇ ಅಲ್ಲವೇ?

ಹಾಗೆಂದು ತಿದ್ದುವುದೆಲ್ಲ ಸುಳ್ಳಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯನ್ನೇ ನೋಡಿ. 1780ರಲ್ಲಿ ಹೈದರ್, ಟಿಪ್ಪು ಇಬ್ಬರೂ ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೇನೆಯನ್ನು ಸೋಲಿಸಿದ ಚಿತ್ರ ಅಲ್ಲಿದೆ. ಅದು ಗೆದ್ದವರು ತಮಗೆ ಬೇಕಾದಂತೆ ಬರೆಸಿದ್ದು. ಮುಂದೆ ಹಾಳಾದ ಅದನ್ನು 1855ರಲ್ಲಿ ಮತ್ತೆ ಬರೆಸಿದವನು ಲಾರ್ಡ್ ಡಾಲ್‌ಹೌಸಿ. ಸೋತವರ ಕಡೆಯವನೇ ಆ ಸೋಲಿಗೆ ಬಣ್ಣ ಕೊಡಿಸಿದ್ದು ಸೋಜಿಗವಲ್ಲದೆ ಮತ್ತೇನು! ಕುಂಚ ಬದಲಾದರೂ, ಪಲ್ಲಕ್ಕಿಯಲ್ಲಿ ಗಾಯಗೊಂಡು ಕುಳಿತ ಬೈಲಿಯನ್ನು ಯಾರೂ ಕುದುರೆ ಹತ್ತಿಸಲಿಲ್ಲ.

ನಾವು ಅಜ್ಜನ ಹಿಂದಿನ ಗೋಡೆಯನ್ನು ಮಸುಕಾಗಿಸಿದೆವು, ಬೆಂಕಿಯ ಕೆಂಪನ್ನು ಹೆಚ್ಚಿಸಿದೆವು. ಮಸಿಯನ್ನು ಮುಟ್ಟಲಿಲ್ಲ. ಕೇಳೋಣವೆಂದರೆ ಅಜ್ಜ ಈಗಿಲ್ಲ.

ಅಕ್ಕನ ಮದುವೆಯ ಫೋಟೊದ ಮಾತು ಬೇರೆ. ಸಂಬಂಧ ಮುರಿದ ಭಾವನನ್ನು ಅದರಿಂದ ತೆಗೆಯಿರಿ ಎಂದಳು. ಚರಿತ್ರೆ, ಸತ್ಯ ಎಂದು ಅವಳ ಮುಂದೆ ವಾದ ಹೂಡಲು ನಮಗೇನು ಹಕ್ಕು? ತೆಗೆದುಕೊಟ್ಟೆವು. ಮೂಲ ಪ್ರತಿಯನ್ನೂ ಅವಳ ಕೈಗೇ ಒಪ್ಪಿಸಿದೆವು.