ತಕ್ಕಡಿ ಹಿಡಿದವರ ಹೊಣೆ

ಅಂಗಡಿಯಲ್ಲಿ ಅಕ್ಕಿ ಕೊಳ್ಳುವಾಗ ತಕ್ಕಡಿ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಅನುಮಾನ ಬಂದರೆ ಪಕ್ಕದ ಅಂಗಡಿಗೆ ಹೋಗುತ್ತೇವೆ. ವಿದ್ಯುತ್ತಿನ ವ್ಯಾಪಾರ ಹಾಗಲ್ಲ. ಮಾರುವವರೂ ಅವರೇ, ಅಳೆಯುವವರೂ ಅವರೇ, ಲೆಕ್ಕ ಬರೆಯುವವರೂ ಅವರೇ. ಲೆಕ್ಕ ಒಪ್ಪದಿದ್ದರೆ ಫ್ಯೂಸ್ ಕೀಳುವವರೂ ಅವರೇ. ಹೀಗಿರುವಾಗ, ತಿಂಗಳಿಗೆ ಐನೂರು ರೂಪಾಯಿ ಕಟ್ಟುತ್ತಿದ್ದ ಮನೆಗೆ ಒಮ್ಮೆಲೇ ಐದು ಸಾವಿರದ ಬಿಲ್ಲು ಬಂದರೆ, ಸರಿ ತಪ್ಪುಗಳನ್ನು ಸಾಬೀತುಪಡಿಸಬೇಕಾದವರು ಯಾರು? ಮನೆಯವರೋ, ಬಿಲ್ಲು ಕೊಟ್ಟವರೋ?

‘ಮೊದಲು ಹಣ ಕಟ್ಟಿ, ಆಮೇಲೆ ಅರ್ಜಿ ಕೊಡಿ’ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಹಣವಿದ್ದವರು ಕಟ್ಟಿ ಜಗಳವಾಡಬಹುದು. ದಿನಗೂಲಿಯವರು ಸಾಲ ಮಾಡಿ ಕಟ್ಟುತ್ತಾರೆ. ಕಚೇರಿಗೆ ಅಲೆಯಲು ಒಂದು ದಿನದ ಕೂಲಿಯನ್ನು ಬಿಡುವುದು ಅವರಿಗೆ ಸಾಧ್ಯವಿಲ್ಲ. ಅವರ ಮೌನವನ್ನು ಒಪ್ಪಿಗೆಯೆಂದು ತಿಳಿಯುವುದು ನ್ಯಾಯವೇ?

2023ರ ಜೂನ್‌ನಲ್ಲಿ ಕೊಪ್ಪಳದ ಬಡ ವೃದ್ಧೆಯೊಬ್ಬರಿಗೆ ಒಂದು ಲಕ್ಷ ರೂಪಾಯಿ ಮೀರಿದ ಬಿಲ್ಲು ಬಂದಿತ್ತು. ಆ ಪುಟ್ಟ ಮನೆಯಲ್ಲಿ ಉರಿಯುತ್ತಿದ್ದುದು ಒಂದೆರಡು ಬಲ್ಬು ಮಾತ್ರ. ವಿಷಯ ಸುದ್ದಿಯಾದ ಮೇಲೆ, ಇದು ಮೀಟರಿನ ದೋಷ, ಆಕೆ ಹಣ ಕಟ್ಟಬೇಕಿಲ್ಲ ಎಂದು ಇಂಧನ ಸಚಿವರೇ ಹೇಳಿದರು. ಮೊತ್ತ ಲಕ್ಷವಾದ್ದರಿಂದ ತಪ್ಪು ಎಲ್ಲರ ಕಣ್ಣಿಗೂ ಬಿತ್ತು. ಅದೇ ಮೀಟರು ಎರಡು ಸಾವಿರ ತೋರಿಸಿದ್ದರೆ? ಯಾರೂ ಕೇಳುತ್ತಿರಲಿಲ್ಲ. ಬಡವರನ್ನು ಹೆಚ್ಚಾಗಿ ಹಿಂಡುವುದು ಇಂತಹ ಸಣ್ಣ ತಪ್ಪುಗಳೇ.

ಈ ಪ್ರಶ್ನೆಗೆ ನಮ್ಮ ಕಾನೂನಿನಲ್ಲಿ ಒಳ್ಳೆಯ ಉತ್ತರವೊಂದಿದೆ. 2003ರ ವಿದ್ಯುಚ್ಛಕ್ತಿ ಕಾಯ್ದೆಯ 56ನೇ ಕಲಂ ಪ್ರಕಾರ, 15 ದಿನಗಳ ಲಿಖಿತ ನೋಟೀಸು ಕೊಡದೆ ಬಾಕಿಗಾಗಿ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನ ಬಗ್ಗೆ ತಕರಾರಿದ್ದರೆ, ಬಿಲ್ಲಿನ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಕಡಿಮೆಯಾದುದನ್ನು ಆಕ್ಷೇಪಣೆಯೊಂದಿಗೆ ಕಟ್ಟಿದರೆ ಸಾಕು. ವಿವಾದ ತೀರುವವರೆಗೆ ದೀಪ ಆರಿಸುವಂತಿಲ್ಲ. ಇದು ಕೇವಲ ಲೆಕ್ಕದ ಉಪಾಯವಲ್ಲ. ಒಂದು ಮನೆ ಇಲ್ಲಿಯವರೆಗೆ ಬದುಕಿದ ರೀತಿಯೇ ಅದರ ಪರವಾದ ಸಾಕ್ಷಿ ಎಂಬ ನೈತಿಕ ತಿಳಿವಳಿಕೆ ಇದರ ಹಿಂದಿದೆ. ಯಂತ್ರಕ್ಕಿಂತ ಮೊದಲು ಮನುಷ್ಯನನ್ನು ನಂಬು ಎನ್ನುತ್ತದೆ ಈ ಕಲಂ. 2024ರಲ್ಲಿ ತಿದ್ದುಪಡಿಯಾದ ಕೇಂದ್ರದ ಗ್ರಾಹಕ ಹಕ್ಕುಗಳ ನಿಯಮವಂತೂ, ರೀಡಿಂಗ್ ಬಗ್ಗೆ ದೂರು ಬಂದರೆ ಐದು ದಿನಗಳೊಳಗೆ ಇನ್ನೊಂದು ಮೀಟರ್ ಅಳವಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕೆನ್ನುತ್ತದೆ. ಅಂದರೆ ಸಾಬೀತುಪಡಿಸುವ ಹೊಣೆ ತಕ್ಕಡಿ ಹಿಡಿದವರದ್ದು.

ಹಾಗೆಂದು ಹೆಚ್ಚು ಬಂದ ಬಿಲ್ಲೆಲ್ಲ ಮೋಸವೆಂದು ಹೇಳುವುದೂ ನ್ಯಾಯವಲ್ಲ. 2023ರ ಜೂನ್‌ನಲ್ಲೇ ರಾಜ್ಯದ ಅನೇಕ ಮನೆಗಳ ಬಿಲ್ಲು ಏರಿತು. ಅದಕ್ಕೆ ಕಾರಣ ಮೀಟರಲ್ಲ, ದರ. ಮೇ 12ರಂದು ಹೊರಬಿದ್ದ ದರ ಪರಿಷ್ಕರಣೆ ಏಪ್ರಿಲ್ 1ರಿಂದಲೇ ಜಾರಿಯಾದ್ದರಿಂದ ಹಿಂಬಾಕಿಯೂ ಸೇರಿತ್ತು. ಅಂದಿನ ದರದಲ್ಲಿ 100 ಯೂನಿಟ್‌ವರೆಗೆ ಯೂನಿಟ್ಟಿಗೆ 4.75 ರೂಪಾಯಿ, ಅದನ್ನು ದಾಟಿದರೆ ಅಷ್ಟೂ ಯೂನಿಟ್ಟಿಗೆ 7 ರೂಪಾಯಿ. ಸ್ಥಿರ ಶುಲ್ಕ, ತೆರಿಗೆ ಬಿಟ್ಟರೆ 100 ಯೂನಿಟ್ಟಿಗೆ 475, 101ಕ್ಕೆ 707! ಇದು ಸರಿಯೇ ಎಂದು ದರ ನಿಗದಿಪಡಿಸುವ ಆಯೋಗವನ್ನೂ ಸರಕಾರವನ್ನೂ ಕೇಳಬೇಕು. ಆದರೆ ಬೈಗುಳ ತಿನ್ನುವವನು ಬಿಸಿಲಲ್ಲಿ ಮನೆ ಮನೆ ಅಲೆಯುವ ಮೀಟರ್ ರೀಡರ್. ದರ ನಿಗದಿಪಡಿಸಿದವರು ನಮ್ಮ ಬಾಗಿಲಿಗೆ ಬರುವುದಿಲ್ಲ, ಬಂದವನು ದರ ನಿಗದಿಪಡಿಸಿದವನಲ್ಲ. ನ್ಯಾಯ ಕೇಳಹೊರಟವರೇ ಇನ್ನೊಬ್ಬರಿಗೆ ಅನ್ಯಾಯ ಮಾಡಿದರೆ ನಮ್ಮ ದೂರಿಗೆ ಏನು ಬೆಲೆ?

ಆದ್ದರಿಂದ ಬಿಲ್ಲು ಬಂದಾಗ ಮೊದಲು ಅದನ್ನು ಓದೋಣ. ರೀಡಿಂಗನ್ನು ಮೀಟರಿನೊಂದಿಗೆ ಹೋಲಿಸೋಣ. ಹೊಂದದಿದ್ದರೆ ಬರವಣಿಗೆಯಲ್ಲಿ ದೂರು ಕೊಟ್ಟು ಸ್ವೀಕೃತಿ ಪಡೆಯೋಣ. ಅಲ್ಲಿ ನ್ಯಾಯ ಸಿಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ಓದು ಬರಹ ಬಲ್ಲವರು ತಮ್ಮ ಮೊಹಲ್ಲಾದಲ್ಲಿ ಬಾರದವರ ಪರವಾಗಿ ಒಂದು ಅರ್ಜಿ ಬರೆದುಕೊಟ್ಟರೂ ಸಾಕು, ಒಂದು ಮನೆಯ ದೀಪ ಉಳಿದೀತು.